ಫ್ಲೆಕ್ಸಿಗೆ ರೊಕ್ಕ ಅದ, ಪ್ರಶ್ನೆಗಿಲ್ಲ

ಇವತ್ತು ಅಂಗಡಿಯಲ್ಲಿ ತಲೆ ಕೆಟ್ಟಿತು. ಬರೆದು ಹಾಕದಿದ್ದರೆ ರಾತ್ರಿ ನಿದ್ದೆ ಬರೋದಿಲ್ಲ. ಉದ್ದ ಆಯ್ತು ಅಂತ ಬೈಬ್ಯಾಡ್ರಿ.

ನನ್ನ ಧಂದೆ ನಿಮಗೆ ಗೊತ್ತೇ ಇದೆ. ಝೆರಾಕ್ಸ್, ಡಿಟಿಪಿ, ಥೀಸಿಸ್ ಬೈಂಡಿಂಗ್, ಈಚೆಗೆ ಹೊಟ್ಟೆಪಾಡಿಗೆ ಫ್ಲೆಕ್ಸ್. ಮಧ್ಯಾಹ್ನ ಒಬ್ಬ ಹುಡುಗ ಬಂದು, ಸಾಹೇಬರ ಬರ್ತ್‌ಡೇಗೆ ಹದಿನೆಂಟು ಫ್ಲೆಕ್ಸ್ ಹೇಳಿದ. ರೇಟು ಕೇಳಲಿಲ್ಲ. ತನ್ನ ಫೋಟೊ ಮಾತ್ರ ಸಾಹೇಬರ ಹತ್ತಿರದಲ್ಲೇ ಬರಬೇಕು, ಅಷ್ಟೇ. ಅವನ ಪಕ್ಕ ನಿಂತಿದ್ದವಳು ಪಿಎಚ್.ಡಿ. ಮುಗಿಸಿದ ಹುಡುಗಿ. ಅತಿಥಿ ಉಪನ್ಯಾಸಕಿ, ಪಗಾರ ಬಂದಾಗ ಬಂತು. ಎಂಟು ಪುಟದ ಪ್ರಶ್ನಾವಳಿ, 300 ಪ್ರತಿ ಬೇಕು. "ಅಣ್ಣಾ, ಎರಡೂ ಬಾಜು ಹೊಡದ್ರ ಎಷ್ಟ್ ಕಡಿಮಿ ಆಗ್ತದ?" ಅಂತ ಮೊಬೈಲ್‌ನಲ್ಲಿ ಲೆಕ್ಕ ಹಾಕುತ್ತಿದ್ದಳು. ಪ್ರಶ್ನೆಗಳೆಲ್ಲ ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಚಿಂಚೋಳಿ ಕಡೆ ಲಂಬಾಣಿ ತಾಂಡಾಗಳಿಂದ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗೋರ ಬಗ್ಗೆ. ಕೂಲಿಗೆ ಕರಕೊಂಡು ಹೋಗೋ ಮುಕಾದಮನ ಹತ್ತಿರ ಇಸಕೊಂಡ ಮುಂಗಡ ಎಷ್ಟು, ತೀರಿಸಿದ್ದು ಎಷ್ಟು, ಮಕ್ಕಳನ್ನು ಯಾರ ಹತ್ತಿರ ಬಿಟ್ಟು ಹೋದಿರಿ. ಖರ್ಚೆಲ್ಲ ಕೈಯಿಂದ.

ಆ ಫ್ಲೆಕ್ಸಿನ ಹುಡುಗ ಒಂದು ಹಾಳೆ ಎತ್ತಿ ನೋಡಿ, "ಇದೆಲ್ಲಾ ಯಾಕ್ ಕೇಳ್ತೀರಕ್ಕಾ? ಸರಕಾರದಾಗ ಎಲ್ಲಾ ಲೆಕ್ಕ ಇರ್ತದ" ಅಂದ.

ಇರ್ತದಪ್ಪಾ. 2011ರ ಲೆಕ್ಕ. 2021ರಲ್ಲಿ ಆಗಬೇಕಿದ್ದ ಜನಗಣತಿ 2021ರಲ್ಲಿ ಆಗಲೇ ಇಲ್ಲ. ಯಾದಗಿರಿ ಜಿಲ್ಲೆಯ ಸಾಕ್ಷರತೆ ಎಷ್ಟು ಅಂದರೆ ಎಲ್ಲರೂ 51.83 ಅಂತಲೇ ಬರೀತಾರೆ, ನಾನೇ ಎಷ್ಟು ಸಲ ಟೈಪ್ ಮಾಡಿದ್ದೀನೋ. 2011ರ ಗಣತಿ ಆದಾಗ ಒಂದನೇ ಕ್ಲಾಸಿನಲ್ಲಿದ್ದ ಕೂಸು ಈಗ ವೋಟು ಹಾಕ್ತದ.

ಸಂಶೋಧನೆಗೆ ರೊಕ್ಕ ಯಾರು ಕೊಡ್ತಾರೋ ಪ್ರಶ್ನೆ ಅವರದೇ ಆಗ್ತದೆ, ನನ್ನ ಸಂಕಟ ಇದು. ಯೋಜನೆ ಮಾಡಿದ ಇಲಾಖೆಯೇ ರೊಕ್ಕ ಕೊಟ್ಟು "ನಮ್ಮ ಯೋಜನೆ ಹೆಂಗದ ನೋಡ್ರಿ" ಅಂದರೆ, ಪಂಗತಿಯಲ್ಲಿ ಬೀಗರು ಬಂದು "ಅಡಗಿ ಹೆಂಗಾಗ್ಯದ" ಅಂತ ಕೇಳಿದ ಹಾಗೆ. ಉಪ್ಪು ಕಡಿಮೆ ಅಂತ ಯಾವ ಮಗ ಹೇಳ್ಯಾನು? ಕಂಪನಿಗಳವರು ಕೊಡಲಿ ಅಂತೀರಾ? ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳ್ತದೆ, ಖರೆ. ಆದರೆ ಅದರ ಪಟ್ಟಿಯಲ್ಲಿ ಸಂಶೋಧನೆ ಅಂತ ಬರೆದಿರೋ ಕಡೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಅಷ್ಟೇ ಇವೆ. ಸಮಾಜ ವಿಜ್ಞಾನದ ಹೆಸರೇ ಇಲ್ಲ. ಸಮಾಜಕ್ಕೆ ಅಂತ ತೆಗೆದಿಟ್ಟ ರೊಕ್ಕ ನೋಡ್ರಿ ಅದು! ಹೊರದೇಶದ್ದು ಇನ್ನೂ ಕಷ್ಟ. 2020ರಲ್ಲಿ ವಿದೇಶಿ ದೇಣಿಗೆಯ ಕಾಯ್ದೆಗೆ (ಎಫ್‌ಸಿಆರ್‌ಎ) ತಿದ್ದುಪಡಿ ಆದ ಮೇಲೆ ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯಲ್ಲಿ ಸಣ್ಣ ಸಂಸ್ಥೆಗೆ ಪಾಲು ಕೊಡೋ ಹಾಗಿಲ್ಲ. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನಂಥ ಸಂಸ್ಥೆಯ ವಿದೇಶಿ ದೇಣಿಗೆ ಪರವಾನಗಿಯೇ 2024ರಲ್ಲಿ ರದ್ದಾಯಿತು. ಇನ್ನು ಚಿಂಚೋಳಿ ತಾಂಡಾದ ತನಕ ಯಾರು ಬಂದಾರು.

ಗೆಳೆಯರು ಹೇಳೋದು ಗೊತ್ತು. ದವಾಖಾನೆಯಲ್ಲಿ ಡಾಕ್ಟರ್ ಇಲ್ಲ, ಸಾಲಿಯಲ್ಲಿ ಮಾಸ್ತರ ಇಲ್ಲ, ನಿನಗ ಸಂಶೋಧನೆ ಬೇಕಾಗ್ಯದ? ಹಿಂದೆ ನಾನೂ ಹಿಂಗೇ ಅಂತಿದ್ದೆ. ಆದರೆ ನಮ್ಮ ಭಾಗದಲ್ಲಿ ಮಾಸ್ತರರು ಇಲ್ಲ ಅನ್ನೋದಕ್ಕೆ ಬೆಂಗಳೂರಿನಲ್ಲಿ ಬೆಲೆ ಬಂದಿದ್ದು ಯಾವಾಗ? ಪ್ರಾದೇಶಿಕ ಅಸಮತೋಲನ ನೋಡೋಕೆ ಮಾಡಿದ ನಂಜುಂಡಪ್ಪ ಸಮಿತಿ ತಾಲೂಕು ತಾಲೂಕು ಎಣಿಸಿ, ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವೇ ಅಂತ 2002ರಲ್ಲಿ ಬರೆದು ಕೊಟ್ಟ ಮೇಲೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡೋ ಸಂವಿಧಾನದ 371ಜೆ ಕಲಂ ಕೇಳೋವಾಗ ನಮ್ಮವರ ಕೈಯಲ್ಲಿದ್ದದ್ದು ಆ ಅಂಕಿಗಳೇ. ಅದು ಸರಕಾರದ್ದೇ ಸಮಿತಿ ಅಂತೀರಿ, ಹೌದು. ತಾಲೂಕಿನ ಸರಾಸರಿ ಅದು ಹೇಳ್ತು. ತಾಲೂಕಿನೊಳಗೆ ಯಾರ ಮನೆ ಬೀಗ ದೀಪಾವಳಿ ಆದ ಮೇಲೆ ಬಿದ್ದದ್ದು ಯುಗಾದಿಗೂ ತೆಗೆಯಲಿಲ್ಲ ಅಂತ ಹೇಳಲಿಲ್ಲ. 2023-24ರ ಬಜೆಟ್‌ನಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಗೆ 5000 ಕೋಟಿ ಅಂತ ಹೇಳಿದರಲ್ಲ, ಅದು ಆ ಬೀಗದ ಮನೆಗೆ ಎಷ್ಟು ಮುಟ್ಟಿತು ಅಂತ ಕೇಳೋದಕ್ಕೆ ಈ ಹುಡುಗಿ ಸ್ವಂತ ಪಗಾರದಲ್ಲಿ ಝೆರಾಕ್ಸ್ ಮಾಡಿಸಬೇಕು.

ಇಷ್ಟು ಸಿಟ್ಟು ಯಾಕೆ ಅಂದರೆ, ಒಂದು ಒಪ್ಪಿಕೊಳ್ಳೋದಿದೆ. ಡಿಗ್ರಿ ಮುಗಿಸಿ ಖಾಲಿ ಇದ್ದಾಗ ಒಂದು ಸರ್ವೆ ಏಜೆನ್ಸಿಗೆ ದುಡಿದಿದ್ದೆ. ಫಾರ್ಮಿಗೆ 12 ರೂಪಾಯಿ, ಬಸ್ ಚಾರ್ಜ್ ನಮ್ಮದೇ. ಎರಡು ದಿನ ಜೇವರ್ಗಿ ಕಡೆ ಹಳ್ಳಿ ಸುತ್ತಿದೆ. ಮೂರನೇ ದಿನ ಲೆಕ್ಕ ಹಾಕಿದರೆ ಚಹಾಕ್ಕೂ ಗಿಟ್ಟಲಿಲ್ಲ. ದೋಸ್ತನ ಜೊತೆ ಬಸ್ ಸ್ಟ್ಯಾಂಡ್ ಕ್ಯಾಂಟೀನಿನಲ್ಲಿ ಕೂತು ಒಂದೇ ಸಂಜೆ 40 ಫಾರ್ಮ್ ತುಂಬಿದೆ. ಇವನಿಗೆ ಎರಡು ಎಮ್ಮೆ, ಅವನಿಗೆ ಒಂದು, ಪಾಪ ವಿಧವೆ ಅಂತ ಒಬ್ಬಾಕೆಗೆ ಮೂರು. ಆ ಸಂಜೆ ನಾನು ಹಂಚಿದಷ್ಟು ಎಮ್ಮೆ ಯಾವ ಸರಕಾರವೂ ಹಂಚಿಲ್ಲ. ಅವು ಈಗಲೂ ಯಾವುದೋ ವರದಿಯ ಕೋಷ್ಟಕದಲ್ಲಿ ಹಾಲು ಕೊಡುತ್ತಿರಬಹುದು. ಆವಾಗ ಯಾರಾದರೂ ನನಗೆ ಬಸ್ ಚಾರ್ಜ್ ಕೊಟ್ಟಿದ್ದರೆ ನಾನು ಹೋಗ್ತಿದ್ದೆ, ದೇವರಾಣೆ.

ಅದಕ್ಕೇ ಇವಳಿಗೆ "ರೊಕ್ಕ ಬ್ಯಾಡ, ಒಯ್ಯವ್ವ" ಅಂದೆ. ಅವಳು ಒಪ್ಪಲಿಲ್ಲ. "ಬಿಲ್ ಹರೀರಿ ಅಣ್ಣಾ. ಖರ್ಚು ಯಾರ್ ಕೊಟ್ರು ಅಂತ ವರದಿಯೊಳಗ ಬರೀಬೇಕಾಗ್ತದ" ಅಂದಳು. ಮುಖಕ್ಕೆ ಹೊಡೆದ ಹಾಗಾಯ್ತು.

ಜಾತ್ರೆಗೆ ಪಟ್ಟಿ ಎತ್ತುತ್ತೀವಿ, ಗಣಪತಿಗೆ ಎತ್ತುತ್ತೀವಿ, ಶರಣಬಸಪ್ಪನ ದಾಸೋಹದ ಊರಿನವರು ನಾವು, ಕೊಡೋದು ನಮಗೇನು ಹೊಸದಲ್ಲ. ಇದಕ್ಕೂ ಒಂದು ಪಟ್ಟಿ ಎತ್ತೋಣ. 300 ಮನೆ ಸುತ್ತೋ ಬಸ್ ಚಾರ್ಜು, ಜೊತೆಗೆ ಹೋಗೋ ಇಬ್ಬರು ಹುಡುಗಿಯರ ದಿನಗೂಲಿ, ಝೆರಾಕ್ಸ್. ಕೊಟ್ಟವರ ಹೆಸರು, ಮೊತ್ತ ವರದಿಯ ಕಡೇ ಪುಟದಲ್ಲಿ ಬರ್ತದೆ. ಆದರೆ ಕೊಟ್ಟೆ ಅಂತ ಒಂದು ಪ್ರಶ್ನೆ ಸೇರಿಸು, ಒಂದು ತೆಗಿ ಅನ್ನೋ ಹಾಗಿಲ್ಲ. ನಾನೂ ಅನ್ನೋ ಹಾಗಿಲ್ಲ. ಮೊದಲನೇ ಹೆಸರು ನನ್ನದು, ಝೆರಾಕ್ಸಿನ ಬಿಲ್ ಬಿಟ್ಟು 500 ರೂಪಾಯಿ.

ಫ್ಲೆಕ್ಸಿನ ಹುಡುಗನನ್ನೂ ಬಿಡಲಿಲ್ಲ, ಕೇಳಿದೆ. "ಕೊಡ್ತೀನಿ ಕಾಕಾ, ಅದರಾಗ ಫೋಟೊ ಎಷ್ಟ್ ದೊಡ್ಡದ್ ಹಾಕ್ತೀರಿ?" ಅಂದ.