ನೆಲವೇ ಡೊಂಕಿದ್ದರೆ

ಕುಣಿಯಲಾರದವರು ನೆಲ ಡೊಂಕು ಎಂದರಂತೆ. ಈ ಗಾದೆ ಕಟ್ಟಿದವರ ಕೈಗೆ ಇಂಕ್ ಪೆನ್ನು ಸಿಕ್ಕಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಪೆನ್ನಿನ ಲೋಕದಲ್ಲಿ ನೆಲ ನಿಜಕ್ಕೂ ಡೊಂಕು. ಅಕ್ಷರ ಹರಡಿತು, ಹಾಳೆಯ ಹಿಂದೆ ಚುಕ್ಕೆ ಮೂಡಿತು, ಗೆರೆ ನಡುವೆ ತಪ್ಪಿತು ಎಂದ ಕೂಡಲೇ ಬೈಗುಳ ಬೀಳುವುದು ಪೆನ್ನಿಗೆ. ಪೆನ್ನು ದುಬಾರಿಯದಾಗಿದ್ದರೆ ಇಂಕಿಗೆ. ಕಾಗದ ಮಾತ್ರ ತನಗೂ ಈ ರಗಳೆಗೂ ಸಂಬಂಧವೇ ಇಲ್ಲವೆಂಬಂತೆ ಬೆಳ್ಳಗೆ ಮಲಗಿರುತ್ತದೆ. ಪೆನ್ನು, ಇಂಕು, ನೋಟ್‌ಬುಕ್ಕುಗಳನ್ನು ಮುಂದಿಟ್ಟುಕೊಂಡು ಪರೀಕ್ಷೆಗೆ ಕೂರುವುದೆಂದರೆ ಈ ಮೂವರಲ್ಲಿ ತಪ್ಪು ಯಾರದೆಂದು ಪಂಚಾಯಿತಿ ಮಾಡುವುದು. ಹತ್ತರಲ್ಲಿ ಆರೇಳು ಸಲ ದಂಡ ಕಟ್ಟಬೇಕಾದದ್ದು ಕಾಗದವೇ.

ಕಾಗದವೆಂದರೆ ನಾರಿನ ಚಾಪೆ. ನಾರುಗಳ ನಡುವೆ ಕೂದಲಿಗಿಂತ ಸಪೂರವಾದ ಸಂದುಗಳು. ಸಂದು ಸಪೂರವಾದಷ್ಟೂ ದ್ರವವನ್ನು ಎಳೆದುಕೊಳ್ಳುವ ಚಪಲ ಹೆಚ್ಚು. ನಾರಿಗೂ ನೀರೆಂದರೆ ಪ್ರೀತಿ. ಈ ಚಪಲಕ್ಕೆ ಕಡಿವಾಣ ಹಾಕಲು ಗಿರಣಿಯಲ್ಲಿ ಸೈಜಿಂಗ್ ಎಂಬ ಸಂಸ್ಕಾರ ಮಾಡುತ್ತಾರೆ. ತಿರುಳಿನ ಹಂತದಲ್ಲೇ ನೀರನ್ನು ದೂರ ಇಡುವ ರಾಳದಂಥ ವಸ್ತು ಬೆರೆಸುವುದು ಒಂದು ಬಗೆ. ಹಾಳೆಯಾದ ಮೇಲೆ ಮೈಗೆ ಪಿಷ್ಟ ಸವರುವುದು ಇನ್ನೊಂದು. ಎರಡನೆಯದು ಹೆಚ್ಚುಕಡಿಮೆ ಬಟ್ಟೆಗೆ ಗಂಜಿ ಹಾಕಿದಂತೆಯೇ. ಗಂಜಿ ಸಮವಾಗಿ ಕೂತಿದ್ದರೆ ಇಂಕು ಮೇಲೆಯೇ ನಿಂತು ಒಣಗುತ್ತದೆ, ಇಲ್ಲವಾದರೆ ನಾರಿನ ಗುಂಟ ಓಡುತ್ತದೆ. ಗಂಜಿಯ ಗೊಡವೆಯೇ ಇಲ್ಲದ ಕಾಗದವೂ ಒಂದಿದೆ. ಅದರ ಹೆಸರು ಬ್ಲಾಟಿಂಗ್ ಪೇಪರ್. ಕೆಲವು ನೋಟ್‌ಬುಕ್ಕುಗಳು ಅದರ ಹತ್ತಿರದ ದಾಯಾದಿಗಳು, ರಟ್ಟಿನ ಮೇಲೆ ಮಾತ್ರ ಹಾಗೆಂದು ಬರೆದಿರುವುದಿಲ್ಲ.

ರಟ್ಟಿನ ಮೇಲೆ ಬರೆದಿರುವುದು ಜಿಎಸ್‌ಎಂ. ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ ಅದು. ಎ4 ಹಾಳೆ ಚದರ ಮೀಟರಿನ ಹದಿನಾರನೇ ಒಂದು ಭಾಗವಾದ್ದರಿಂದ 80 ಜಿಎಸ್‌ಎಂ ಹಾಳೆಯೊಂದರ ತೂಕ ಸರಿಯಾಗಿ 5 ಗ್ರಾಂ. ದಪ್ಪಗಿದ್ದರೆ ಒಳ್ಳೆಯದು ಎಂಬ ನಂಬಿಕೆ ಇಲ್ಲಿಯೂ ಗಟ್ಟಿಯಾಗಿ ಬೇರೂರಿದೆ. ಆದರೆ ತೂಕ ಹೇಳುವುದು ತೂಕವನ್ನಷ್ಟೇ. ಜಪಾನಿನ ಟೊಮೊಯೆ ರಿವರ್ ಕಾಗದ 52 ಜಿಎಸ್‌ಎಂ, ಅಂದರೆ ಎ4 ಹಾಳೆಗೆ ಮೂರೂಕಾಲು ಗ್ರಾಂ. ಕೈಯಲ್ಲಿ ಹಿಡಿದರೆ ಈರುಳ್ಳಿ ಸಿಪ್ಪೆಯಂತೆ ಸರಸರ ಸದ್ದು. ಅದರ ಮೇಲೆ ಇಂಕು ಸುರಿಸುವ ನಿಬ್ಬಿನಲ್ಲಿ ಬರೆದರೂ ಹರಡುವುದಿಲ್ಲ. ಅದೇ ಪೆನ್ನು 80 ಜಿಎಸ್‌ಎಂ ಜೆರಾಕ್ಸ್ ಹಾಳೆಯ ಮೇಲೆ ಜೇಡದ ಕಾಲು ಬಿಡುತ್ತದೆ. ಫ್ರಾನ್ಸಿನ ರೋಡಿಯಾ ಪ್ಯಾಡುಗಳದ್ದೂ 80 ಜಿಎಸ್‌ಎಮ್ಮೇ, ಆದರೆ ನಡತೆ ಬೇರೆ. ಹೆಸರು ನೋಡಿ ನಂಬುವುದಕ್ಕೂ ಮಿತಿಯಿದೆ. ಟೊಮೊಯೆ ರಿವರ್ ತಯಾರಿಕೆ 2021ರಲ್ಲಿ ಸಾನ್‌ಜೆನ್ ಎಂಬ ಇನ್ನೊಂದು ಕಂಪನಿಯ ಪಾಲಾಯಿತು. ಹಳೆಯದರ ಹೊಳಪು ಹೊಸದರಲ್ಲಿ ಇದೆಯೋ ಇಲ್ಲವೋ ಎಂದು ಬಲ್ಲವರು ಈಗಲೂ ಜಗಳಾಡುತ್ತಾರೆ. ಕೈಯಲ್ಲಿರುವ ಪುಸ್ತಕದ ಹಾಳೆಯನ್ನೇ ಪರೀಕ್ಷಿಸದೆ ಬೇರೆ ದಾರಿಯಿಲ್ಲ.

ಪಂಚಾಯಿತಿಯಲ್ಲಿ ಒಂದು ಸಲಕ್ಕೆ ಒಬ್ಬರನ್ನೇ ವಿಚಾರಿಸಬೇಕು. ಕಾಗದದ ಪರೀಕ್ಷೆಯಾದರೆ ಪೆನ್ನೂ ಇಂಕೂ ಬದಲಾಗಕೂಡದು; ಇಂಕಿನ ಪರೀಕ್ಷೆಯಾದರೆ ಪೆನ್ನು, ಕಾಗದ ಅವೇ ಇರಬೇಕು. ಕೇಳಲು ಸುಲಭ. ಎಡವುವುದು ಪೆನ್ನು ತೊಳೆಯುವಲ್ಲಿ. ಹಳೆಯ ಇಂಕು ಹೋಗಿ ತಿಳಿನೀರು ಬರುವವರೆಗೆ ತೊಳೆದರೆ ಅರ್ಧ ಕೆಲಸ ಮಾತ್ರ ಆಯಿತು. ನಿಬ್ಬಿನ ಅಡಿಯಲ್ಲಿ ನಾಲಗೆಯಂತೆ ಕೂತಿರುವ ಫೀಡಿನ ಗೀರುಗಳಲ್ಲಿ ನೀರು ಅವಿತಿರುತ್ತದೆ. ಅದರ ಮೇಲೇ ಇಂಕು ತುಂಬಿಸಿದರೆ ಮೊದಲ ಪುಟವೆಲ್ಲ ತೆಳು ಬಣ್ಣ, ‘ಈ ಇಂಕಿಗೆ ಸತ್ವವೇ ಇಲ್ಲ’ ಎಂಬ ತೀರ್ಪು. ತೊಳೆದ ಪೆನ್ನನ್ನು ನಿಬ್ಬು ಕೆಳಗಾಗಿ ಟಿಶ್ಯೂ ಕಾಗದದಲ್ಲಿ ಸುತ್ತಿ ಒಂದು ರಾತ್ರಿ ನಿಲ್ಲಿಸಿಟ್ಟರೆ ಆ ನೀರೆಲ್ಲ ಇಳಿಯುತ್ತದೆ.

ತುಂಬಿಸಿದ ಕೂಡಲೇ ಬರೆಯುವುದೂ ತಪ್ಪೇ. ಇಂಕಿನಲ್ಲಿ ಮುಳುಗಿ ಎದ್ದ ಫೀಡು ಹೊಟ್ಟೆಬಿರಿಯುವಷ್ಟು ಕುಡಿದಿರುತ್ತದೆ. ಮೊದಲ ಹತ್ತು ಸಾಲು ದಪ್ಪಗೆ, ಕಡುಬಣ್ಣದಲ್ಲಿ ಬರುತ್ತವೆ. ಅರ್ಧ ಪುಟ ಏನಾದರೂ ಗೀಚಿ ಆ ಅಮಲು ಇಳಿದ ಮೇಲೆ ಪರೀಕ್ಷೆಗೆ ಇಳಿಯಬೇಕು. ಐದಾರು ಬಗೆಯ ಕಾಗದಗಳಿದ್ದರೆ ಎಲ್ಲವನ್ನೂ ಒಂದು ಸುತ್ತು ಬರೆದು, ಎರಡನೇ ಸುತ್ತನ್ನು ಹಿಂದುಮುಂದಾಗಿ ಬರೆಯುವುದು ಇನ್ನೂ ನ್ಯಾಯ. ಇಷ್ಟನ್ನೂ ಒಂದೇ ದಿನದಲ್ಲಿ ಮುಗಿಸಬೇಕು. ಮುಚ್ಚಿಟ್ಟ ಪೆನ್ನಿನೊಳಗೂ ನೀರು ನಿಧಾನವಾಗಿ ಆರುತ್ತದೆ. ಮೂರು ವಾರದ ನಂತರ ಅದೇ ಪೆನ್ನಿನಿಂದ ಬರುವುದು ಕಷಾಯ.

ಇನ್ನು ಏನು ಬರೆಯಬೇಕು? ಇಂಗ್ಲಿಷಿನವರು ಇಪ್ಪತ್ತಾರು ಅಕ್ಷರಗಳೂ ಬರುವ ಒಂದು ವಾಕ್ಯಕ್ಕಾಗಿ ತಮ್ಮ ನರಿಯನ್ನು ನಾಯಿಯ ಮೇಲೆ ಹಾರಿಸುತ್ತಾರೆ. ಕನ್ನಡದ ಅಕ್ಷರಗಳು ಅದಕ್ಕಿಂತ ಕಟುವಾದ ಪರೀಕ್ಷಕರು. ನಮ್ಮದು ದುಂಡು ಲಿಪಿ. ಹೊಟ್ಟೆಯೊಳಗೆ ಚುಕ್ಕೆ, ಬುಡದಲ್ಲಿ ಸೀಳು, ಕೆಳಗೆ ಒತ್ತು. ‘ಅರ್ಥ’ ಎಂದು ಎಫ್ ನಿಬ್ಬಿನಲ್ಲಿ (ಫೈನ್, ಅಂದರೆ ಸಪೂರ ತುದಿಯದು) ಸಣ್ಣಗೆ ಬರೆದು ನೋಡಿ. ಥಕಾರದ ಚುಕ್ಕೆಯ ಸುತ್ತ ಉಳಿಯುವ ಬಿಳಿ ಜಾಗ ಮಿಲಿಮೀಟರಿಗಿಂತ ಕಡಿಮೆ. ಕಾಗದ ಸ್ವಲ್ಪ ಹೀರಿತೋ, ಚುಕ್ಕೆ ಗೋಡೆಗೆ ಅಂಟಿ ಅರ್ಥ ‘ಅರ್ಧ’ವಾಗುತ್ತದೆ. ಇನ್ನೂ ಹೀರಿದರೆ ಬುಡದ ಸೀಳೂ ಮುಳುಗಿ ‘ಅರ್ದ’ವೆಂಬ ಕಾಗುಣಿತ ದೋಷ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರದಡಿ ಇದು ಚೆನ್ನಾಗಿ ಕಾಣುತ್ತದೆ. ಒಳ್ಳೆಯ ಹಾಳೆಯಲ್ಲಿ ಗೆರೆಯ ಅಂಚು ಬ್ಲೇಡಿನಿಂದ ಕತ್ತರಿಸಿದಂತೆ. ಕೆಟ್ಟದ್ದರಲ್ಲಿ ಕಂಬಳಿಹುಳದ ಬೆನ್ನಿನಂತೆ, ಒಂದೊಂದು ನಾರಿನ ಗುಂಟವೂ ಒಂದೊಂದು ರೋಮ. ‘ಸ್ಥಿತಪ್ರಜ್ಞ’, ‘ಉತ್ಥಾನ’, ‘ಫಲ’, ‘ಷಷ್ಠಿ’ ಇವನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಪರೀಕ್ಷೆಯ ಕೊನೆಯ ಹತ್ತು ನಿಮಿಷದ ವೇಗದಲ್ಲಿ ಬರೆದರೆ ಬೇರೆ ವಾಕ್ಯ ಬೇಡ. ನಿಧಾನವಾಗಿ ಬರೆದಾಗ ಹರಡುವುದು ಹೆಚ್ಚು, ಏಕೆಂದರೆ ನಿಬ್ಬು ಒಂದೆಡೆ ನಿಂತಷ್ಟು ಹೊತ್ತೂ ಇಂಕು ಇಳಿಯುತ್ತಲೇ ಇರುತ್ತದೆ. ಜೊತೆಗೆ ಅಡ್ಡಗೆರೆ ಉದ್ದಗೆರೆಗಳ ಒಂದು ಸಣ್ಣ ಬಲೆ, ಕೈ ಎತ್ತದೆ ಸುತ್ತಿದ ಸುರುಳಿ, ನಿಬ್ಬನ್ನು ಒಂದೇ ಕಡೆ ಐದು ಸೆಕೆಂಡು ಊರಿದ ಒಂದು ಬೊಟ್ಟು. ಹಾಳೆಯ ತಲೆಯ ಮೇಲೆ ಪೆನ್ನು, ನಿಬ್ಬಿನ ಅಳತೆ, ಇಂಕು, ಕಾಗದ, ತಾರೀಖು ಬರೆಯಲು ಮರೆತರೆ ತಿಂಗಳ ನಂತರ ಅದು ಬರೀ ಚಿತ್ತಾರ. ನಿಬ್ಬಿನ ಅಳತೆಯ ಜೊತೆ ಅದರ ಊರೂ ಇರಲಿ: ಜಪಾನಿನ ಎಫ್ ಸಾಮಾನ್ಯವಾಗಿ ಯುರೋಪಿನ ಎಫ್‌ಗಿಂತ ಸಪೂರ.

ಹಾಳೆ ತಿರುಗಿಸಿದಾಗ ಕಾಣುವುದರಲ್ಲಿ ಎರಡು ಬಗೆ. ಮುಂದಿನ ಬರಹ ಹಿಂದಿನಿಂದ ಮಸುಕಾಗಿ ತೋರುವುದು ಕಾಗದ ತೆಳುವಾಗಿರುವುದರ ಫಲ. ಇಂಕಿನ ತಪ್ಪೇನೂ ಇಲ್ಲ, ಪೆನ್ಸಿಲ್ಲಿನಲ್ಲಿ ಬರೆದರೂ ಅಷ್ಟಿಷ್ಟು ತೋರುತ್ತದೆ. ಚೂಪು ಅಂಚಿನ ಚುಕ್ಕೆಗಳು ಬೇರೆ. ಅವು ಇಂಕೇ ಖುದ್ದಾಗಿ ಹಾಳೆ ದಾಟಿ ಬಂದ ಗುರುತು. ಎಲ್ಲಿ ದಾಟಿದೆ ಎಂದು ನೋಡಿದರೆ ಕಾರಣವೂ ಸಿಗುತ್ತದೆ: ಸೊನ್ನೆ ಮುಚ್ಚಿದ ಜಾಗ, ಒತ್ತಕ್ಷರದ ಮೊದಲು, ಪೂರ್ಣವಿರಾಮ. ಅಂದರೆ ಕೈ ತಡೆದು ನಿಂತ ಕಡೆಗಳೆಲ್ಲ. ಬೊಟ್ಟಿನಲ್ಲಿ ಮಾತ್ರ ದಾಟಿದ್ದರೆ ಆ ಕಾಗದವನ್ನು ಸಲೀಸಾಗಿ ಬಳಸಬಹುದು, ಯಾರೂ ಅಕ್ಷರದ ನಡುವೆ ಐದು ಸೆಕೆಂಡು ಧ್ಯಾನ ಮಾಡುವುದಿಲ್ಲ. ಸಾಲಿಗೆ ನಾಲ್ಕೈದು ಚುಕ್ಕೆ ದಾಟಿದ್ದರೆ ಒಂದೇ ಮಗ್ಗುಲಿಗೆ ಬರೆಯಬೇಕು, ಇಲ್ಲವೇ ಇಂಕು ಕಡಿಮೆ ಬಿಡುವ ಸಪೂರ ನಿಬ್ಬಿಗೆ ಬದಲಾಗಬೇಕು.

ಒಣಗುವ ಹೊತ್ತನ್ನು ಅಳೆಯಲು ಆರು ಗೆರೆ ಎಳೆದು 5, 10, 15, 20, 30, 60 ಸೆಕೆಂಡಿಗೆ ಒಂದೊಂದನ್ನು ಬೆರಳಿನಿಂದ ಒಮ್ಮೆ ಒರೆಸಿದರೆ ಸಾಕು. ಪ್ರತಿ ಸಲವೂ ಬೆರಳಿನ ಒಣಗಿದ ಜಾಗ ಬೇಕು. ಇಲ್ಲಿ ಒಂದು ಮುಜುಗರದ ಸತ್ಯ ಹೊರಬೀಳುತ್ತದೆ. ಹೀರುವ ಕಾಗದದಲ್ಲಿ ಇಂಕು ಐದೇ ಸೆಕೆಂಡಿಗೆ ಒಣಗುತ್ತದೆ. ‘ಒಳ್ಳೆಯ’ ಕಾಗದದಲ್ಲಿ ಮೂವತ್ತಾದರೂ ಒದ್ದೆ. ಹರಡದಿರಲು ಇಂಕು ಮೇಲೆ ನಿಲ್ಲಬೇಕು, ಮೇಲೆ ನಿಂತದ್ದು ಗಾಳಿಗೇ ಆರಬೇಕು. ಎರಡೂ ಒಟ್ಟಿಗೆ ಬೇಕೆಂದರೆ ಹೇಗೆ? ಬಣ್ಣದ ಏರಿಳಿತ, ಕಡುನೀಲಿಯ ಮೇಲೆ ನವಿಲುಗರಿಯಂತೆ ಮಿಂಚುವ ಕೆಂಪು ಹೊಳಪು ಎಲ್ಲವೂ ಈ ನಿಧಾನದಿಂದಲೇ ಬರುವುದು. ಇಂಕು ಒಳಗಿಳಿಯದೆ ಮೇಲೆಯೇ ಒಣಗಿದಾಗ ಬಣ್ಣದ ಕಣಗಳು ಪದರಗಟ್ಟಿ ಆ ಹೊಳಪು ಕೊಡುತ್ತವೆ. ಎಡಗೈಯವರಿಗೆ, ಪಾಠ ಕೇಳುತ್ತ ಟಿಪ್ಪಣಿ ಮಾಡುವವರಿಗೆ, ಬರೆದ ತಕ್ಷಣ ಪುಸ್ತಕ ಮುಚ್ಚುವ ಅವಸರದವರಿಗೆ ಈ ಸೌಂದರ್ಯ ಕೈಗೆ ಮೆತ್ತಿಕೊಳ್ಳುವ ಉಪದ್ರವ. ಅವರಿಗೆ ಸಾಧಾರಣ ಕಾಗದವೇ ಒಳ್ಳೆಯ ಕಾಗದ. ಹೀಗೆ ಹೇಳಿದರೆ ಕೆಲವು ಕಾಗದಪ್ರಿಯರಿಗೆ ಕೋಪ ಬರುತ್ತದೆ, ಬರಲಿ.

ಇಂಕಿನ ಜಾತಿ ತಿಳಿಯದೆ ತೀರ್ಪು ಕೊಡಬಾರದು. ಬಹುಪಾಲು ಇಂಕುಗಳು ನೀರಿನಲ್ಲಿ ಕರಗಿದ ಬಣ್ಣ. ಕಬ್ಬಿಣದ ಲವಣ ಮತ್ತು ಒಗರು ಟ್ಯಾನಿನ್ ಸೇರಿದ ಐರನ್ ಗಾಲ್ ಇಂಕು ಬರೆದಾಗ ತೆಳುನೀಲಿ. ಗಾಳಿ ಸೋಕಿದಂತೆ ಕಪ್ಪಾಗುತ್ತದೆ. ಅದರ ಬಣ್ಣವನ್ನು ಮರುದಿನ ನೋಡಬೇಕು. ಕೆಟ್ಟ ಕಾಗದದ ಮೇಲೂ ಮರ್ಯಾದೆಯಿಂದ ನಡೆದುಕೊಳ್ಳುವ ಇಂಕೆಂದರೆ ಇದೇ, ಆದರೆ ಹುಳಿಸ್ವಭಾವದ್ದು. ಪೆನ್ನಿನಲ್ಲಿ ಒಣಗಲು ಬಿಟ್ಟರೆ ಉಕ್ಕಿನ ನಿಬ್ಬನ್ನು ತಿನ್ನುತ್ತದೆ. ಮೂರನೆಯದು ಕರಗದ ಸೂಕ್ಷ್ಮ ಕಣಗಳ ಪಿಗ್ಮೆಂಟ್ ಇಂಕು, ಫೀಡಿನಲ್ಲಿ ಒಣಗಿದರೆ ಬಿಡಿಸುವುದು ಕಷ್ಟ. ಚಿತ್ರ ಬರೆಯುವವರ ಅರಗಿನ ಇಂಡಿಯನ್ ಇಂಕನ್ನು ಮಾತ್ರ ಪರೀಕ್ಷೆಗೆಂದೂ ಪೆನ್ನಿಗೆ ಹಾಕಬಾರದು, ಆ ಪೆನ್ನು ಮತ್ತೆ ಪರೀಕ್ಷೆಗೆ ಹಾಜರಾಗುವುದಿಲ್ಲ. ಈ ಜಾತಿಗಳನ್ನು ಬೇರ್ಪಡಿಸಲು 24 ಗಂಟೆ ಒಣಗಿದ ಬರಹದ ಮೇಲೆ ಒಂದು ಹನಿ ನೀರು ಬಿಟ್ಟು, ಒಂದು ನಿಮಿಷ ಕಾದು, ಉಜ್ಜದೆ ಒತ್ತಿ ತೆಗೆಯುವುದು. ತೊಳೆದುಹೋಗುವ ನೀಲಿ ಹೆಚ್ಚುಕಡಿಮೆ ಮಾಯವಾಗುತ್ತದೆ, ಐರನ್ ಗಾಲ್ ಬೂದುಬಣ್ಣದ ಗೆರೆ ಬಿಡುತ್ತದೆ, ಪಿಗ್ಮೆಂಟ್ ಅಲುಗುವುದಿಲ್ಲ. ಹತ್ತಿಯ ಕಡ್ಡಿಯಲ್ಲಿ ಇಂಕು ಬಳಿದು ಬಣ್ಣ ತೋರಿಸುವ ಚಾಳಿಯೂ ಇದೆ. ನೋಡಲು ಚಂದ, ಆದರೆ ಯಾವ ನಿಬ್ಬೂ ಅಷ್ಟು ಇಂಕು ಸುರಿಯುವುದಿಲ್ಲ. ಬರೆದ ಬಣ್ಣವನ್ನು ಅದರಿಂದ ಊಹಿಸಲಾಗದು.

ಇಷ್ಟು ಹೊತ್ತು ಕಾಗದವನ್ನು ಕಟಕಟೆಯಲ್ಲಿ ನಿಲ್ಲಿಸಿದ್ದಾಯಿತು. ಪೆನ್ನೇ ಸಿಕ್ಕಿಬೀಳುವ ಸಂದರ್ಭವೂ ಒಂದಿದೆ, ಅದೂ ಒಳ್ಳೆಯ ಕಾಗದದ ಮೇಲೆ. ಒರಟು ಹಾಳೆಯಲ್ಲಿ ಸಲೀಸಾಗಿ ಓಡುತ್ತಿದ್ದ ಪೆನ್ನು ನುಣುಪು ಹಾಳೆಗೆ ಬಂದೊಡನೆ ಅಕ್ಷರದ ಮೊದಲ ಗೆರೆ ನುಂಗುತ್ತದೆ, ಎರಡನೇ ಸಲ ತಿದ್ದಿದರೆ ಬರುತ್ತದೆ. ನಿಬ್ಬಿನ ತುದಿಯನ್ನು ಅತಿಯಾಗಿ ಉಜ್ಜಿ ನುಣುಪು ಮಾಡಿದಾಗ ಸೀಳಿನ ಎರಡೂ ಒಳ ಅಂಚು ದುಂಡಗಾಗಿ, ಇಂಕು ಒಳಗೇ ಹಿಂದೆ ಸರಿದು ನಿಲ್ಲುತ್ತದೆ. ಒರಟು ಕಾಗದದ ನಾರು ಒಳಗೆ ಕೈಹಾಕಿ ಇಂಕನ್ನು ಎಳೆದುಕೊಳ್ಳುತ್ತದೆ; ನುಣುಪು ಕಾಗದಕ್ಕೆ ಆ ಕೈ ಇಲ್ಲ. ಹಾಗಾಗಿ ಕೆಟ್ಟ ಕಾಗದವೇ ಪೆನ್ನಿನ ಮಾನ ಕಾಯುತ್ತಿದ್ದದ್ದು. ಇದಕ್ಕೆ ವಿರುದ್ಧವಾಗಿ, ಮೆತ್ತನೆಯ ಹಾಳೆಯಲ್ಲಿ ಗೆರೆ ಇದ್ದಕ್ಕಿದ್ದಂತೆ ಎರಡು ಪಟ್ಟು ದಪ್ಪವಾದರೆ ಮೊದಲು ನಿಬ್ಬಿನ ಸೀಳನ್ನು ನೋಡಬೇಕು. ಒಂದು ಎಳೆ ನಾರು ಅಲ್ಲಿ ಸಿಕ್ಕಿ ಕುಂಚದಂತೆ ಗುಡಿಸುತ್ತಿರುತ್ತದೆ.

ಗೆರೆ ತಪ್ಪುವುದು ಪುಟದ ಕೆಳಭಾಗದಲ್ಲಷ್ಟೇ ಆದರೆ ಅಪರಾಧಿ ಬರೆಯುವ ಕೈ. ಮೇಲಿನ ಸಾಲುಗಳನ್ನು ಬರೆಯುವಾಗ ಅಂಗೈಯ ಜಿಡ್ಡು ಕೆಳಗಿನ ಹಾಳೆಗೆ ಹತ್ತಿರುತ್ತದೆ. ಕೈಯಡಿಗೆ ಒಂದು ತುಂಡು ಕಾಗದ ಇಟ್ಟುಕೊಂಡರೆ ಮುಗಿಯಿತು. ಗೆರೆ ಹಾಕಿದ ಪುಸ್ತಕಗಳಲ್ಲಿ ಕೆಲವೊಮ್ಮೆ ಅಚ್ಚಾದ ಗೆರೆಯೇ ಇಂಕನ್ನು ದೂರ ತಳ್ಳುತ್ತದೆ. ಸರಿಯಾಗಿ ಒತ್ತಕ್ಷರ ಗೆರೆ ದಾಟುವಲ್ಲಿ ಸಣ್ಣ ಬಿಳಿ ತೂತು. ಹಾಳೆಯ ಎರಡು ಮಗ್ಗುಲೂ ಒಂದೇ ಎಂದುಕೊಳ್ಳಬಾರದು: ಯಂತ್ರದಲ್ಲಿ ಜಾಲರಿಗೆ ತಾಗಿದ ಮಗ್ಗುಲು ಸ್ವಲ್ಪ ಒರಟಾಗಿ ಇರುವುದುಂಟು. ತೇವದ ಗಾಳಿಯಲ್ಲಿ ವಾರಗಟ್ಟಲೆ ತೆರೆದಿಟ್ಟ ಪುಸ್ತಕ, ಒಣಗಿದ ದಿನದಲ್ಲಿ ಪಡೆದ ಅಂಕವನ್ನು ಉಳಿಸಿಕೊಳ್ಳುವುದಿಲ್ಲ.

ಪರೀಕ್ಷೆ ಮುಗಿದ ಹಾಳೆಯ ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಒಂದು ತಿಂಗಳು ಅಂಟಿಸಿದರೆ ಯಾವ ಬಣ್ಣ ಬಾಳುತ್ತದೆಂದು ಗೊತ್ತಾಗುತ್ತದೆ. ಗುಲಾಬಿ, ನೇರಳೆಗಳಲ್ಲಿ ಹಲವು ಬೇಗ ಬಣ್ಣ ಬಿಟ್ಟುಕೊಡುತ್ತವೆ. ಉಳಿದ ಹಾಳೆಗಳನ್ನು ಕತ್ತಲೆಯ ಫೈಲಿನಲ್ಲಿಡಬಹುದು. ಹೊಳಪಿನ ಇಂಕುಗಳಿದ್ದರೆ ನಡುವೆ ಒಂದೊಂದು ಬಟರ್ ಪೇಪರ್ ಹಾಕಬೇಕು. ವಾರಗಳು ಕಳೆದರೂ ಅವು ಒತ್ತಡಕ್ಕೆ ಎದುರಿನ ಹಾಳೆಗೆ ಮೆತ್ತಿಕೊಳ್ಳುತ್ತವೆ, ಅಲ್ಲಿರುವ ಅಚ್ಚುಕಟ್ಟಾದ ‘ಅರ್ಥ’ದ ಮೇಲೆ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿದ ಇನ್ನೊಂದು ‘ಅರ್ಥ’ ಮೂಡುತ್ತದೆ.