ಗೌರಿ ಮೂರನೇ ಮಹಡಿಗೆ ಬರಲಿಲ್ಲ

ಬೆಂಗಳೂರಿನಲ್ಲಿ ಮನೆ ಕೊಳ್ಳುವುದು ಕಷ್ಟ ಅಂತ ಎಲ್ಲರಿಗೂ ಗೊತ್ತು. ಕೊಂಡ ಮನೆಯೊಳಗೆ ಹಸು ಕರೆತರುವುದು ಅದಕ್ಕಿಂತ ಕಷ್ಟ ಅಂತ ಯಾರೂ ಹೇಳುವುದಿಲ್ಲ. ಬ್ಯಾಂಕಿನವರು ಸಾಲ ಕೊಡುವಾಗ ಕಂಡ ಕಂಡ ಕಡೆ ಸಹಿ ಹಾಕಿಸಿಕೊಳ್ಳುತ್ತಾರೆ. ಒಂದು ಕಡೆಯಾದರೂ ‘ಹಸುವಿಗೆ ಏನು ಏರ್ಪಾಡು?’ ಅಂತ ಕೇಳಬಾರದಾ?

ನಮ್ಮ ಅಕ್ಕ, ಭಾವ ಕನಕಪುರ ರಸ್ತೆಯಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ತೆಗೆದುಕೊಂಡರು. ಪುರೋಹಿತರು ಗೃಹಪ್ರವೇಶಕ್ಕೆ ಬೆಳಗಿನ ಜಾವದ ಮುಹೂರ್ತ ಇಟ್ಟರು. ಮೊದಲು ಹಸು ಕರುವಿನ ಸಮೇತ ಒಳಗೆ ಬರಬೇಕು, ಆಮೇಲೆ ಮನೆಯವರು. ಹಿಂದೆ ಇದೇನೂ ದೊಡ್ಡ ವಿಷಯವಾಗಿರಲಿಲ್ಲ. ಹಸು ಕೊಟ್ಟಿಗೆಯಿಂದ ನಡುಮನೆಗೆ ನಾಲ್ಕು ಹೆಜ್ಜೆ ಹಾಕಿದರೆ ಆಯಿತು. ಈಗ ಗೇಟು, ಬೇಸ್‌ಮೆಂಟು, ಲಿಫ್ಟು, ಕಾರಿಡಾರು ಎಲ್ಲ ದಾಟಿ ಬರಬೇಕು.

ಭಾವ ಲೆಕ್ಕದ ಮನುಷ್ಯ. ಮೊದಲು ಹೋಗಿ ಲಿಫ್ಟಿನ ಫಲಕ ಓದಿಕೊಂಡು ಬಂದರು. 6 ಜನ, 408 ಕೆ.ಜಿ. ಅಂದರೆ ತಲೆಗೆ 68 ಕೆ.ಜಿ. ಭಾವನ ಕಡೆಯವರು ಆರು ಜನ ಹತ್ತಿದರೇ ಆ ಲಿಫ್ಟು ಕೂಗಿಕೊಳ್ಳುತ್ತದೆ, ಆ ಮಾತು ಬೇರೆ. ಕಪ್ಪು ಬಿಳಿ ಮಚ್ಚೆಯ ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಹಸು ಇದೆಯಲ್ಲ, ಅದು ಡಚ್ಚರ ಕಡೆಯಿಂದ ಬಂದದ್ದು. ಅಪ್ಪಟ ತಳಿಯಾದರೆ 600 ಕೆ.ಜಿ. ದಾಟುತ್ತದೆ. ಹಾಗಾದರೆ ನಾಟಿ ಹಸುವೇ ಇರಲಿ, ಬೆನ್ನ ಮೇಲೆ ಡುಬ್ಬ ಇರಬೇಕು ಅಂದರು ಭಾವನ ಅಮ್ಮ. ಹಳ್ಳಿಕಾರ್ ತರೋಣ ಅಂದರೆ ಅದರ ಕೊಂಬು ಉದ್ದಕ್ಕೆ ಹಿಂದಕ್ಕೆ ಬಾಗಿರುತ್ತದೆ. ಲಿಫ್ಟಿನ ಸೀಲಿಂಗ್ ಫ್ಯಾನಿಗೆ ಮುಹೂರ್ತ ಇಟ್ಟ ಹಾಗೆಯೇ. ಕೊನೆಗೆ ನಾನು ಮಲೆನಾಡು ಗಿಡ್ಡದ ಹೆಸರು ಹೇಳಿದೆ. ಮೂರು ಅಡಿ ಆಸುಪಾಸಿನ ಎತ್ತರ. ಲಿಫ್ಟಿಗೆಂದೇ ದೇವರು ಮಾಡಿದ ತಳಿ. ಎಲ್ಲರೂ ಒಪ್ಪಿದರು. ಒಂದೇ ತೊಂದರೆ, ಗಿಡ್ಡ ಇರುವುದು ಮಲೆನಾಡಿನಲ್ಲಿ.

ಹಾಗಾಗಿ ಹತ್ತಿರದಲ್ಲಿ ಸಿಗುವುದನ್ನೇ ನೋಡೋಣ ಅಂತ ಹೊರಟೆವು. ಕನಕಪುರ ರಸ್ತೆಯ ಒಳಗಿನ ಗಲ್ಲಿಗಳಲ್ಲಿ ಇನ್ನೂ ಹಳ್ಳಿ ಉಳಿದಿದೆ. ಎರಡು ಅಪಾರ್ಟ್‌ಮೆಂಟುಗಳ ನಡುವೆ ಒಂದು ಶೀಟಿನ ಕೊಟ್ಟಿಗೆ, ಮುಂದೆ ರಾಗಿ ಹುಲ್ಲಿನ ಮೆದೆ, ಪಕ್ಕದಲ್ಲಿ ಬೂಸಾ ಮೂಟೆ. ಅದರ ಯಜಮಾನಿಯನ್ನು ಏರಿಯಾದವರೆಲ್ಲ ಹಾಲಿನಮ್ಮ ಅಂತಲೇ ಕರೆಯುತ್ತಾರೆ. ಗೃಹಪ್ರವೇಶಕ್ಕೆ ಹಸು, ಕರು ಕಳಿಸುವುದು ಆಕೆಗೆ ಸೈಡ್ ಬಿಸಿನೆಸ್. ಶ್ರಾವಣದಲ್ಲಿ ಛತ್ರ ಸಿಕ್ಕರೂ ಆಕೆಯ ಹಸು ಸಿಗುವುದಿಲ್ಲವಂತೆ.

ಅಕ್ಕನ ಮಗಳೂ ಬಂದಿದ್ದಳು. ಇಂಜಿನಿಯರಿಂಗ್ ಓದುತ್ತಿದ್ದಾಳೆ. ಗೌರಿ ಅನ್ನುವ ಮಿಶ್ರತಳಿಯ ಹಸು ಬಾಯಿ ತೆರೆದಾಗ ಒಳಗೆ ಇಣುಕಿ ಗಾಬರಿಯಾದಳು. “ಮಾವ, ಮೇಲಿನ ಹಲ್ಲೇ ಇಲ್ಲ! ಪಾಪ, ತುಂಬಾ ವಯಸ್ಸಾಗಿರಬೇಕು. ಬೇರೆ ಹಸು ನೋಡೋಣ.”

ಹಾಲಿನಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಯಾವ ಹಸೀಗವ್ವಾ ಮೇಲಿನ ಮುಂದಿನ ಹಲ್ಲು? ಹುಟ್ಟಿದಾಗಿಂದ್ಲೇ ಇರಲ್ಲ.”

ನಿಜ. ಹಸುವಿಗೆ ಒಟ್ಟು 32 ಹಲ್ಲು, ನಮ್ಮಷ್ಟೇ. ಆದರೆ ಮೇಲ್ದವಡೆಯ ಮುಂಭಾಗದಲ್ಲಿ ಒಂದೂ ಇಲ್ಲ. ಅಲ್ಲಿ ಗಟ್ಟಿಯಾದ ಒಸಡು ಅಷ್ಟೇ. ನಾಲಿಗೆಯಿಂದ ಹುಲ್ಲು ಸುತ್ತಿಕೊಂಡು, ಕೆಳಗಿನ ಹಲ್ಲಿಗೂ ಆ ಒಸಡಿಗೂ ನಡುವೆ ಒತ್ತಿ ಎಳೆಯುತ್ತದೆ. ಸರಿಯಾಗಿ ಅಗಿಯದೆ ನುಂಗುತ್ತದೆ. ಆಮೇಲೆ ಆರಾಮಾಗಿ ಮಲಗಿ, ನುಂಗಿದ್ದನ್ನೇ ಬಾಯಿಗೆ ತಂದುಕೊಂಡು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಇದಕ್ಕೆ ಸುರಿಯುವ ಜೊಲ್ಲೇ ದಿನಕ್ಕೆ 100 ಲೀಟರಿನ ಮೇಲೆ. ಹೊಟ್ಟೆ ಒಂದೇ, ಆದರೆ ಒಳಗೆ ನಾಲ್ಕು ಕೋಣೆ. ಭಾವನ ಫ್ಲ್ಯಾಟಿಗಿಂತ ಒಂದು ಜಾಸ್ತಿ. ಮೊದಲನೆಯ ಕೋಣೆಯೊಂದೇ ನೂರು ಲೀಟರಿಗೂ ಮೀರಿ ಹಿಡಿಯುತ್ತದೆ. ಇಷ್ಟು ಜಾಗಕ್ಕೆ ಹಸು ಇಎಂಐ ಕಟ್ಟುವುದಿಲ್ಲ ಅನ್ನುವುದು ಭಾವನ ಹೊಟ್ಟೆಕಿಚ್ಚು.

ಮುಂದಿನ ಪ್ರಶ್ನೆಯೂ ಮಗಳದ್ದೇ. “ಆಂಟಿ, ಇವು ಯಾವಾಗಲೂ ಹಾಲು ಕೊಡುತ್ತವಲ್ಲ? ಹಾಗಾದ್ರೆ ಆ ಹಸುವಿನ ಹಾಲು ಯಾಕೆ ಕರೆಯಲ್ಲ?” ಅಂತ ಮೂಲೆಯ ಹಸುವನ್ನು ತೋರಿಸಿದಳು. ಅದು ತುಂಬು ಗಬ್ಬ. ಕರು ಹಾಕದೆ ಹಾಲಿಲ್ಲ ಅನ್ನುವ ಮಾತು ಕೇಳಿ ನಮ್ಮ ಹುಡುಗಿ ನಿಂತಲ್ಲೇ ನಿಂತಳು. ಒಂಬತ್ತು ತಿಂಗಳು, ಮೇಲೆ ಒಂದಿಷ್ಟು ದಿನ, ಹೆಚ್ಚು ಕಡಿಮೆ 280 ದಿನದ ಬಸಿರು. ಕರು ಹಾಕಿದ ಮೇಲೆ ಹತ್ತು ತಿಂಗಳು ಹಾಲು. ಮುಂದಿನ ಕರುವಿಗೆ ಎರಡು ತಿಂಗಳಿರುವಾಗ ಹಾಲು ಬತ್ತಿಸಿ ರಜೆ. ರಜೆ ಹಸುವಿಗೆ ಮಾತ್ರ. ಹಾಲಿನಮ್ಮನಿಗೆ ಭಾನುವಾರವೂ ಇಲ್ಲ, ದೀಪಾವಳಿಯೂ ಇಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕರೆಯಲೇಬೇಕು. ತಂಗಿಯ ಮದುವೆಯ ಧಾರೆಯ ಹೊತ್ತಿಗೆ ಎದ್ದು ಬಂದು ಹಾಲು ಕರೆದು ಹೋಗಿದ್ದರಂತೆ. ಐಟಿಯವರು ‘ಆನ್ ಕಾಲ್’ ಅಂತ ಗೋಳಾಡುವಾಗ ನನಗೆ ಈಗ ಇದು ನೆನಪಾಗುತ್ತದೆ.

ನೀರಿನ ಲೆಕ್ಕ ಕೇಳಿ ಮಾತ್ರ ನಾವೆಲ್ಲ ಸುಸ್ತು. ಹಾಲು ಕೊಡುವ ಹಸು ಒಂದು ಲೀಟರ್ ಹಾಲಿಗೆ ಮೂರು ನಾಲ್ಕು ಲೀಟರ್ ನೀರು ಕುಡಿಯುತ್ತದೆ. ಸೆಖೆಗೆ ಇನ್ನೂ ಜಾಸ್ತಿ. 2024ರ ಬೇಸಿಗೆಯಲ್ಲಿ ಊರಿಗೆ ಊರೇ ನಲ್ಲಿಗೆ ನೀರು ಉಳಿಸುವ ಏರೇಟರ್ ಹಾಕಿಕೊಂಡು, ಅರ್ಧ ಬಕೆಟ್ಟಿನಲ್ಲಿ ಸ್ನಾನ ಮಾಡಿಕೊಂಡು ಇದ್ದಾಗ, ಹಾಲಿನಮ್ಮ ಟ್ಯಾಂಕರ್ ನೀರು ತರಿಸಿ ಹಸುಗಳಿಗೆ ಕುಡಿಸಿದರಂತೆ. ಹಾಲಿನಲ್ಲಿ ನೀರು ಅಂತ ಕಾಲಕಾಲಕ್ಕೆ ಜಗಳ ಆಡುತ್ತೇವಲ್ಲ, ಅಪ್ಪಟ ಹಾಲಿನಲ್ಲೇ ನೂರಕ್ಕೆ 87 ಪಾಲು ನೀರು. ಅಷ್ಟನ್ನು ಹಸುವೇ ಬೆರೆಸಿ ಕೊಡುತ್ತದೆ. ಅದರ ಮೇಲೆ ಬೆರೆಸಿದವರದ್ದು ತಪ್ಪು.

ಅಷ್ಟರಲ್ಲಿ ಸಂಜೆಯ ಹಾಲು ಕರೆಯುವ ಹೊತ್ತಾಯಿತು. ಹಾಲಿನಮ್ಮ ಕೆಚ್ಚಲು ತೊಳೆದು ಕುಕ್ಕರಗಾಲಲ್ಲಿ ಕೂತರು. ಪಾತ್ರೆಯಲ್ಲಿ ಸೊರ್ ಸೊರ್ ಸದ್ದು ಶುರುವಾಯಿತು. ಅಕ್ಕ ಭಾವುಕಳಾಗಿ ಮೊಬೈಲ್ ತೆಗೆದಳು. ಫ್ಲಾಶ್ ಬಿತ್ತು. ಗೌರಿ ಬೆಚ್ಚಿದಳು. ಹಾಲು ನಿಂತಿತು.

“ಇನ್ನು ಇಳಿಸಲ್ಲ ಬುಡಿ” ಅಂತ ಹಾಲಿನಮ್ಮ ಪಾತ್ರೆ ಪಕ್ಕಕ್ಕಿಟ್ಟರು. ನಲ್ಲಿ ತಿರುಗಿಸಿದ ಹಾಗೆ ಹಾಲು ಬರುವುದಿಲ್ಲ. ಕರು ಬಾಯಿ ಹಾಕಿದಾಗ ಅಥವಾ ಕೈಯಿಂದ ಕೆಚ್ಚಲು ನೀವಿದಾಗ ಹಸುವಿನ ಮೆದುಳು ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಬಿಡುತ್ತದೆ. ಅದು ರಕ್ತದಲ್ಲಿ ಹರಿದು ಕೆಚ್ಚಲು ತಲುಪಿದಾಗ ಹಾಲು ಇಳಿಯುತ್ತದೆ. ಅದರ ಪ್ರಭಾವ ಇರುವುದು ಕೆಲವೇ ನಿಮಿಷ. ಅಷ್ಟರೊಳಗೆ ಕರೆದು ಮುಗಿಸಬೇಕು. ನಡುವೆ ಹೆದರಿದರೆ ಅಡ್ರಿನಲಿನ್ ಅನ್ನುವ ಇನ್ನೊಂದು ಹಾರ್ಮೋನ್ ಬಂದು ಬಾಗಿಲು ಮುಚ್ಚುತ್ತದೆ. ಒಂದು ಲೀಟರ್ ಹಾಲಿಗೆ ಕೆಚ್ಚಲಿನ ಮೂಲಕ ನಾನೂರು ಐನೂರು ಲೀಟರ್ ರಕ್ತ ಹರಿಯಬೇಕು. ಅಷ್ಟೆಲ್ಲ ಕಷ್ಟಪಟ್ಟು ತಯಾರು ಮಾಡಿಟ್ಟದ್ದು ಅಕ್ಕನ ಒಂದು ಸ್ಟೇಟಸ್ಸಿಗೆ ನಿಂತು ಹೋಯಿತು. ಆ ದಿನ ಡೇರಿಗೆ ಹಾಕಬೇಕಿದ್ದ ಹಾಲಿಗೆ ಭಾವ ದುಡ್ಡು ಕೊಟ್ಟರು.

ಇದೇ ಊರಿನ ಆಡುಗೋಡಿಯಲ್ಲಿ 1923ರಷ್ಟು ಹಿಂದೆಯೇ ಬ್ರಿಟಿಷರು ಹಸು ಸಾಕಣೆ ಕಲಿಸುವ ಸಂಸ್ಥೆ ಮಾಡಿದ್ದರು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಹಸುವಿನ ವಿಷಯ ಕಲಿತರು. ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಕೂಡ ಆಣಂದಕ್ಕೆ ಹೋಗುವ ಮೊದಲು ಅಲ್ಲಿ ಓದಿದವರೇ. ನಾವು ಅಲ್ಲೇ ಪಕ್ಕದ ಡೈರಿ ಸರ್ಕಲ್‌ನಲ್ಲಿ ನಿಂತು ಹಾರ್ನ್ ಹೊಡೆಯುವುದು ಕಲಿತಿದ್ದೇವೆ.

ಮುಹೂರ್ತದ ದಿನ ಗೌರಿ ಟೆಂಪೋದಲ್ಲಿ ಬಂದಿಳಿದಳು, ಜೊತೆಗೆ ಕರು. ಗೇಟಿನ ಸೆಕ್ಯುರಿಟಿ ಆ್ಯಪ್ ತೆಗೆದು ಯೋಚನೆಗೆ ಬಿದ್ದ. ಡೆಲಿವರಿ, ಕ್ಯಾಬ್, ಗೆಸ್ಟ್, ಮನೆಗೆಲಸ, ಇಷ್ಟೇ ಆಯ್ಕೆ. ಕೊನೆಗೆ ‘ಗೆಸ್ಟ್, 2’ ಅಂತ ಒತ್ತಿದ. ಭಾವನ ಫೋನಿಗೆ ಒಪ್ಪಿಗೆ ಕೇಳಿ ಮೆಸೇಜ್ ಬಂತು. ಅವರು ಮಡಿಯಲ್ಲಿದ್ದರು, ಫೋನು ಪ್ಯಾಂಟಿನ ಜೇಬಿನಲ್ಲಿತ್ತು, ಪ್ಯಾಂಟು ಹಳೇ ಮನೆಯಲ್ಲಿತ್ತು.

ಹೇಗೋ ಒಳಗೆ ಬಿಟ್ಟರು. ಕಟ್ಟಡದ ಬಾಗಿಲಿಗೆ ಬಂದು ಗೌರಿ ನಿಂತುಬಿಟ್ಟಳು. ಎಳೆದರೂ ಇಲ್ಲ, ತಳ್ಳಿದರೂ ಇಲ್ಲ. ಎದುರಿಗೆ ಭಾವನ ತಂಗಿ ರಾತ್ರಿಯೆಲ್ಲ ಕೂತು ಹಾಕಿದ ದೊಡ್ಡ ರಂಗೋಲಿ. ಹಸುವಿನ ಕಣ್ಣು ತಲೆಯ ಎರಡು ಪಕ್ಕ ಇರುತ್ತವೆ. ಹಾಗಾಗಿ ಬೆನ್ನ ಹಿಂದಿನದ್ದೊಂದು ಬಿಟ್ಟು ಸುತ್ತ ಎಲ್ಲ ಕಾಣುತ್ತದೆ. ಆದರೆ ನೇರ ಮುಂದೆ ನೆಲದ ಆಳ ಎಷ್ಟು ಅಂತ ಚೆನ್ನಾಗಿ ಗೊತ್ತಾಗುವುದಿಲ್ಲ. ನೆರಳು, ನೀರಿನ ಗುಂಡಿ, ಬೆಳ್ಳಗಿನ ಗೆರೆ ಕಂಡರೆ ಅನುಮಾನ. “ಅದುನ್ನ ಒರಸ್ಬುಡಿ, ಬತ್ತದೆ” ಅಂದರು ಹಾಲಿನಮ್ಮ. ಭಾವನ ತಂಗಿ ಆ ದಿನ ಊಟದ ತನಕ ಯಾರ ಜೊತೆಗೂ ಮಾತಾಡಲಿಲ್ಲ.

ಒಳಗೆ ಫಳಫಳ ಹೊಳೆಯುವ ಟೈಲ್ಸ್. ಗೊರಸು ಜಾರಿತು. ಗೋಣಿಚೀಲ ಹಾಸಿದೆವು. ಗೋಣಿ ದಾಟಿ ಮೆಟ್ಟಿಲ ಹತ್ತಿರ ಬಂದಾಗ ಹಾಲಿನಮ್ಮ ಸೊಂಟಕ್ಕೆ ಕೈ ಇಟ್ಟು ನಿಂತರು. “ಹತ್ತುಸ್ತೀನಿ ಸ್ವಾಮಿ. ಇಳ್ಸೋರು ಯಾರು?”

ಯಾರೂ ಮಾತಾಡಲಿಲ್ಲ. ಹಸುವಿನ ಭಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಮುಂಗಾಲಿನ ಮೇಲೆ ಇರುತ್ತದೆ. ಹತ್ತುವಾಗ ಹೇಗೋ ಆಗುತ್ತದೆ, ಇಳಿಯುವಾಗ ಅಷ್ಟೂ ಭಾರ ಮುಂದಕ್ಕೆ ನೂಕುತ್ತದೆ. ಕೆಳಗಿನ ಮೆಟ್ಟಿಲೂ ಸರಿಯಾಗಿ ಕಾಣುವುದಿಲ್ಲ. ಮೂರನೇ ಮಹಡಿಯಲ್ಲಿ ಹಸು ಕಾಯಂ ಆದರೆ ಅದಕ್ಕೆ ಮೇಂಟೆನೆನ್ಸ್ ಎಷ್ಟು ಅಂತ ಭಾವ ಲೆಕ್ಕ ಹಾಕುತ್ತಿದ್ದರು ಅಂತ ಕಾಣುತ್ತದೆ.

ಪುರೋಹಿತರು ಅನುಭವಸ್ಥರು. “ಕಟ್ಟಡಕ್ಕೆಲ್ಲ ಅಡಿಪಾಯ ಒಂದೇ ತಾನೇ? ಹಸು ಕೆಳಗೆ ಬಂತು ಅಂದ್ರೆ ಮನೆಗೇ ಬಂದ ಹಾಗೆ. ಕರು ಮೇಲೆ ಬರಲಿ” ಅಂದರು. ಎಲ್ಲರಿಗೂ ಜೀವ ಬಂತು. ಹಾಲಿನಮ್ಮನ ಮಗ ಕರುವನ್ನು ಎತ್ತಿಕೊಂಡು ಲಿಫ್ಟ್ ಹತ್ತಿದ.

ಲಿಫ್ಟಿನ ಬಾಗಿಲು ಮುಚ್ಚಿತು. ಗೌರಿ ಬಾಯಿ ತೆರೆದಳು. ಹಸು ತನ್ನ ಕರುವಿನ ದನಿ ಗುರುತಿಸುತ್ತದೆ, ಕರು ತಾಯಿಯದ್ದನ್ನು ಗುರುತಿಸುತ್ತದೆ. ಕೆಳಗಿನಿಂದ ಒಂದು ಅಂಬಾ, ಮೇಲಿನಿಂದ ಒಂದು ಅಂಬಾ. ಖಾಲಿ ಕಾರಿಡಾರಿನಲ್ಲಿ ಅದು ಹೇಗೆ ಮೊಳಗಿತು ಅಂದರೆ, ಒಂದೊಂದೇ ಮನೆಯ ದೀಪ ಹತ್ತುತ್ತಾ ಬಂತು. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ‘ದಯವಿಟ್ಟು ಅಲಾರಂ ಟೋನ್ ಬದಲಾಯಿಸಿ’ ಅಂತ ಒಬ್ಬರು ಹಾಕಿದರು. ಅಷ್ಟರಲ್ಲಿ ಕರು ಲಿಫ್ಟಿನಲ್ಲೇ ಸಗಣಿ ಹಾಕಿತ್ತು. ಭಾವನ ಅಮ್ಮ ಕೈಮುಗಿದು “ಎಂಥಾ ಶುಭ ಶಕುನ” ಅಂದರು. ಅಸೋಸಿಯೇಷನ್ ಸೆಕ್ರೆಟರಿ ಬಂದು ನೋಡಿ ಹೋದರು. ಆ ತಿಂಗಳ ಬಿಲ್ಲಿನಲ್ಲಿ ಶುಭ ಶಕುನದ ಕ್ಲೀನಿಂಗ್ ಚಾರ್ಜ್ ಸೇರಿತ್ತು.

ಬಂದ ನೆಂಟರೆಲ್ಲ ಗೌರಿಗೆ ಏನಾದರೂ ತಿನ್ನಿಸಲು ಸಾಲು ನಿಂತರು. ಅಕ್ಕಿ, ಬೆಲ್ಲ, ಹೋಳಿಗೆ, ಒಬ್ಬರಂತೂ ಕೇಸರಿಬಾತು. ಹಾಲಿನಮ್ಮ ಅಡ್ಡ ನಿಂತು ಬಾಳೆಹಣ್ಣಿಗೆ ಮಾತ್ರ ಬಿಟ್ಟರು. ಅನ್ನ, ಸಿಹಿ ಜಾಸ್ತಿಯಾದರೆ ಹೊಟ್ಟೆಯ ಆ ಮೊದಲ ಕೋಣೆಯಲ್ಲಿ ಹುಳಿ ಏರಿ ಹಸು ಮಲಗಿಬಿಡುತ್ತದೆ. ಹಬ್ಬದ ಮಾರನೇ ದಿನ ದನದ ಡಾಕ್ಟರಿಗೆ ಬಿಡುವಿಲ್ಲದಿರುವುದು ನಮ್ಮ ಭಕ್ತಿಯಿಂದಲೇ.

ಗೌರಿಯ ಹಾಲನ್ನೇ ಒಲೆ ಮೇಲೆ ಉಕ್ಕಿಸಬೇಕು ಅಂತ ಅಕ್ಕನಿಗೆ ಆಸೆ. ಕರು ಮೇಲೆ, ತಾಯಿ ಕೆಳಗೆ, ಸುತ್ತ ಮೂವತ್ತು ಮೊಬೈಲು. ಗೌರಿ ಒಂದು ಹನಿಯನ್ನೂ ಇಳಿಸಲಿಲ್ಲ. ಓಡಿಹೋಗಿ ನಂದಿನಿ ನೀಲಿ ಪ್ಯಾಕೆಟ್ ತಂದೆ.

ಹಾಲು ಉಕ್ಕುವುದಕ್ಕೆ ಕಾರಣ ಮೇಲಿನ ಕೆನೆ. ಬಿಸಿಯಾದಾಗ ಪ್ರೊಟೀನು, ಜಿಡ್ಡು ಸೇರಿ ಮೇಲೆ ಮುಚ್ಚಳದ ಹಾಗೆ ಕಟ್ಟುತ್ತದೆ. ಕೆಳಗಿನ ಆವಿಗೆ ದಾರಿ ಸಿಗದೆ ಮುಚ್ಚಳವನ್ನೇ ಎತ್ತಿಕೊಂಡು ಹೊರಗೆ ಬರುತ್ತದೆ. ಹಳೇ ಮನೆಯಲ್ಲಿ ಇದು ದಿನಾ ಆಗುತ್ತಿತ್ತು. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 2 ರೂಪಾಯಿ ಏರಿಸಿ 50 ಎಂ.ಎಲ್. ಹಾಲು ಜಾಸ್ತಿ ಕೊಟ್ಟರಲ್ಲ, ಆ 50 ಎಂ.ಎಲ್. ಅಕ್ಕನ ಮನೆಯಲ್ಲಿ ಒಲೆಗೇ ನೈವೇದ್ಯವಾಗುತ್ತಿತ್ತು. ಈ ದಿನ ಮಾತ್ರ ಹಾಲು ಉಕ್ಕಲಿಲ್ಲ. ಹೊಸ ಮನೆಗೆ ಗ್ಯಾಸ್ ಬಂದಿರಲಿಲ್ಲ. ಭಾವ ಹೊಸ ಇಂಡಕ್ಷನ್ ಒಲೆ ತಂದು, ‘ಮಿಲ್ಕ್’ ಅನ್ನುವ ಬಟನ್ ಒತ್ತಿದ್ದರು. ಹಾಲು ಮೇಲೇಳುತ್ತದೆ, ಎಲ್ಲರೂ ಕೈಮುಗಿಯುತ್ತಾರೆ, ಒಲೆ ಪೀಂ ಅಂತ ತಾನೇ ಬಿಸಿ ಇಳಿಸುತ್ತದೆ. ಮತ್ತೆ ಮೇಲೇಳುತ್ತದೆ, ಮತ್ತೆ ಪೀಂ. ಉಕ್ಕದಿರಲಿ ಅಂತಲೇ ಮಾಡಿದ ಬಟನ್ ಅದು! ಮುಹೂರ್ತ ಮುಗಿಯುತ್ತಿದೆ ಅಂತ ಪುರೋಹಿತರು ಗಡಿಯಾರ ನೋಡಿದರು. ಅಕ್ಕ ಹಾಲನ್ನು ಚಿಕ್ಕ ಪಾತ್ರೆಗೆ ಕಂಠಮಟ್ಟ ಸುರಿದಳು, ಮಗಳು ಒಲೆಯನ್ನು ಪೂರ್ತಿ ಏರಿಸಿದಳು. ಹಾಲು ಪೂರ್ವಕ್ಕೂ ಉಕ್ಕಿತು, ಪಶ್ಚಿಮಕ್ಕೂ ಉಕ್ಕಿತು, ಒಲೆಯ ಒಳಗೂ ಇಳಿಯಿತು. ಟಪ್ ಅಂತ ಇಡೀ ಮನೆಯ ಕರೆಂಟ್ ಹೋಯಿತು. ಕತ್ತಲಲ್ಲಿ ಭಾವನ ಅಮ್ಮ ಮತ್ತೆ ಶುಭ ಶಕುನ ಅಂದರು.

ಕೆಲವು ದಿನ ಬಿಟ್ಟು ಹಾಲಿನಮ್ಮ ಒಂದು ಕ್ಯಾನ್ ಕಳಿಸಿದರು. ಮೂಲೆಯ ಗಬ್ಬದ ಹಸು ಕರು ಹಾಕಿತ್ತು. ಗಿಣ್ಣದ ಹಾಲು! ಕರುವಿನ ಮೈಗೆ ರೋಗ ತಡೆಯುವ ಶಕ್ತಿ ಬರುವುದೇ ಈ ಹಾಲಿನಿಂದ, ಹಾಗಾಗಿ ಮೊದಲು ಅದಕ್ಕೆ ಹೊಟ್ಟೆ ತುಂಬಾ ಕುಡಿಸಿ ಉಳಿದದ್ದು ನಮಗೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ತಾನಾಗಿ ಗಟ್ಟಿಯಾಗುತ್ತದೆ. ಅಂಗಡಿಯವರ ಹಾಗೆ ಚೈನಾ ಗ್ರಾಸ್ ಬೆರೆಸಬೇಕಿಲ್ಲ. ಅಕ್ಕ ಅಕ್ಕಪಕ್ಕದವರಿಗೆಲ್ಲ ಹಂಚಿದಳು. ಸೆಕ್ರೆಟರಿ ಮನೆಗೂ ಒಂದು ಬಟ್ಟಲು ಹೋಯಿತು.

ಸಂಜೆ ಅವರೇ ಖಾಲಿ ಬಟ್ಟಲು ಹಿಡಿದುಕೊಂಡು ಬಂದರು. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಮೇಂಟೆನೆನ್ಸ್ ವಿಷಯ ಮಾತಾಡಿ, ಆಮೇಲೆ ಮೆಲ್ಲಗೆ ಕೇಳಿದರು: “ಮುಂದಿನ ಕರು ಯಾವಾಗ?”

“ಇವತ್ತೇ ಗಬ್ಬ ಆದ್ರೂ 280 ದಿನ ಅಂಕಲ್” ಅಂದಳು ನಮ್ಮ ಹುಡುಗಿ.

ಸೆಕ್ರೆಟರಿ ಮೊಬೈಲ್ ತೆಗೆದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು.