ಕೆಗ್‌ಗೂ ತೊಳೆಯುವ ಕೆಲಸ ಇದೆ

ಮನೆಯಲ್ಲಿ ಬಿಯರ್ ಮಾಡುವವರು ಕೆಗ್ (ಬಿಯರ್ ತುಂಬಿಟ್ಟು ನಲ್ಲಿಯಿಂದ ಬಗ್ಗಿಸಿಕೊಳ್ಳುವ ಸ್ಟೀಲ್ ಪಾತ್ರೆ) ತಂದುಬಿಟ್ಟರೆ ತೊಳೆಯುವ ತಲೆನೋವೇ ಇರಲ್ಲ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. 19 ಲೀಟರ್ ಬಿಯರಿಗೆ 330 ಮಿಲಿಯ ಸುಮಾರು 57 ಬಾಟಲಿ ತೊಳೆಯುವುದು ತಪ್ಪುತ್ತದೆ, ನಿಜ. ಆದರೆ ಪೈಪು, ನಲ್ಲಿ, ರಬ್ಬರ್ ರಿಂಗು? ಒಮ್ಮೆ ನಲ್ಲಿ ಬಿಚ್ಚಿ ನೋಡಿದರೆ ಒಳಗೆಲ್ಲ ಕಂದು ಲೋಳೆ ಕಟ್ಟಿತ್ತು. ಬಿಯರ್ ಯಾಕೆ ಹುಳಿ ಹೊಡೆಯುತ್ತಿತ್ತು ಅಂತ ಆಗ ಗೊತ್ತಾಯಿತು. ಇನ್ನೊಮ್ಮೆ ಮುಚ್ಚಳದ ರಿಂಗು ಸರಿಯಾಗಿ ಕೂರದೆ ರಾತ್ರೋರಾತ್ರಿ ಬಿಯರನ್ನು ನಲ್ಲಿಗೆ ತಳ್ಳುವ ಸಿಲಿಂಡರಿನ ಗ್ಯಾಸೆಲ್ಲ ಖಾಲಿ! ಈಗ ಪ್ರತಿ ಸಲ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದಾ ಅಂತ ನೋಡುತ್ತೇನೆ. ಬೇಗ ಕುಡಿದು ಮುಗಿಸುವ ಬಿಯರಿಗೆ ಕೆಗ್ಗೇ ಸರಿ. ತಿಂಗಳುಗಟ್ಟಲೆ ಇಡುವ ಸ್ಟ್ರಾಂಗ್ ಬಿಯರಿಗೆ ಬಾಟಲಿಯೇ ವಾಸಿ. ಬಾಟಲಿಗೆ ತುಂಬುವಾಗ ಗ್ಯಾಸ್ ಹುಟ್ಟಲಿ ಅಂತ ಹಾಕುವ ಸಕ್ಕರೆಯನ್ನು ಮಾತ್ರ ತೂಕ ಮಾಡಿಯೇ ಹಾಕಿ, ಚಮಚದ ಲೆಕ್ಕ ಬೇಡ. ಜಾಸ್ತಿಯಾದರೆ ಬಾಟಲಿ ಸಿಡಿಯುತ್ತದೆ.